ಕೆರೆಗೆ ಬಿಟ್ಟ ನೀರು

ಹಿತಕಿದ ಅವರೆಬೇಳೆ ಸಾರನ್ನು ಒಬ್ಬಳಿಗೋಸ್ಕರ ಮಾಡಿಕೊಳ್ಳುವುದಿದೆಯಲ್ಲ, ಅದರಂಥ ಬೇಜಾರು ಇನ್ನೊಂದಿಲ್ಲ. ನೆನೆಸಿದ ಕಾಳನ್ನು ಬೆರಳ ಸಂದಿಯಲ್ಲಿ ಹಿಡಿದು ಒತ್ತಬೇಕು, ಬೇಳೆ ಪಾತ್ರೆಗೆ ಬೀಳಬೇಕು, ಸಿಪ್ಪೆ ಕೈಯಲ್ಲಿ ಉಳಿಯಬೇಕು. ಎದುರಿಗೆ ಇನ್ನೊಬ್ಬರು ಕೂತು ಊರ ಸುದ್ದಿ ಹೇಳುತ್ತಿದ್ದರೆ ಕೆಲಸ ಮುಗಿದಿದ್ದೇ ತಿಳಿಯುವುದಿಲ್ಲ. ಒಬ್ಬಳೇ ಕೂತರೆ ಕಾಳು ಸವೆಯುವುದೇ ಇಲ್ಲ. ಹಾಳಾಗಿ ಹೋಗಲಿ ಎಂದು ಕೊನೆಗೆ ಕಾಳನ್ನೇ ಇಡಿಯಾಗಿ ಬೇಯಿಸಿ ಉಣ್ಣುತ್ತೇನೆ.

ನನ್ನ ಎದುರಿಗೆ ಕೂತು ಅವರೆ ಹಿತಕುತ್ತಿದ್ದವಳು ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಬಾಯಿ ತುಂಬ ಅಕ್ಕ ಎಂದೇ ಕರೆಯುತ್ತಿದ್ದೆ, ಈಗಲೂ ಮನಸ್ಸಿನಲ್ಲಿ ಹಾಗೇ ಕರೆಯುತ್ತೇನೆ. ಅವಳ ಮನೆಗೂ ನನ್ನ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ ಇದೆ, ಅಷ್ಟೇ. ಆ ಗೋಡೆಯ ಮೇಲಿಂದ ಸಾರಿನ ಪಾತ್ರೆ ಈಚೆಗೆ ಬರುತ್ತಿತ್ತು, ನನ್ನ ಮಜ್ಜಿಗೆ ಚೆಂಬು ಆಚೆಗೆ ಹೋಗುತ್ತಿತ್ತು. ಅವಳು ನನ್ನ ಜೊತೆ ಮಾತು ಬಿಟ್ಟಳು. ಆಸ್ತಿಗಲ್ಲ, ಚಿನ್ನಕ್ಕಲ್ಲ. ಸರ್ಕಾರದವರು ನಮ್ಮ ಕೆರೆಗೆ ನೀರು ಬಿಡುತ್ತೇವೆ ಎಂದಿದ್ದಕ್ಕೆ! ಹೇಳಿದರೆ ಯಾರೂ ನಂಬುವುದಿಲ್ಲ, ನಗುತ್ತಾರೆ. ನಗಲಿ ಬಿಡಿ.

ನಮ್ಮದು ಯಲಹಂಕ ದಾಟಿ ರಾಜಾನುಕುಂಟೆ ಕಡೆಗೆ ಹೋಗುವಾಗ ಒಳಗಡೆ ಸಿಗುವ ಊರು. ನಾನು ಸೊಸೆಯಾಗಿ ಬಂದಾಗ ಹೊಲ, ದ್ರಾಕ್ಷಿ ಚಪ್ಪರ, ಕೆರೆ ಏರಿ ಇದ್ದವು. ಈಗ ಬಡಾವಣೆಗಳ ಮಧ್ಯೆ ಹಳೇ ಊರು ಎಂಬ ನಾಲ್ಕಾರು ಬೀದಿ ಉಳಿದಿವೆ. ನಾನು ಯಲಹಂಕದ ಸರ್ಕಾರಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಿಯಾದವಳು. ನಮಗೆ ಮಕ್ಕಳಾಗಲಿಲ್ಲ. ಅಕ್ಕನ ಮಗನೇ ನನ್ನ ಮಡಿಲಲ್ಲಿ ಮಗ್ಗಿ ಕಲಿತ. ಯಜಮಾನರು ಹೋದ ಮೇಲೆ ಅಕ್ಕನ ಮನೆ ಬಿಟ್ಟರೆ ನನ್ನದು ಎಂದು ಹೇಳಿಕೊಳ್ಳಲು ಇನ್ನೊಂದು ಮನೆ ಇರಲಿಲ್ಲ. ದೀಪ ಹಚ್ಚಿದ ಮೇಲೆ ಅವಳು ಬಂದು ಕೂರುತ್ತಿದ್ದಳು. ನನ್ನ ದಿನವೆಲ್ಲ ಆ ಒಂದು ಹೊತ್ತಿಗೆ ಕಾಯುತ್ತಿತ್ತು ಎಂದರೆ ಹೆಚ್ಚಲ್ಲ.

ಇನ್ನು ನಮ್ಮೂರಿನ ಲೀಡರ್ ವಿಷಯ ಹೇಳಬೇಕು. ಊರೆಲ್ಲ ಅವನನ್ನು ‘ಅಣ್ಣ’ ಎನ್ನುತ್ತದೆ. ಅವನಿಗಿಂತ ದೊಡ್ಡವರೂ ಅಣ್ಣ ಎನ್ನುತ್ತಾರೆ. ಅಧಿಕಾರ ಇದ್ದಾಗಲೂ ಇಲ್ಲದಾಗಲೂ ಅವನ ಮನೆಯ ಮುಂದೆ ಬೆಳಿಗ್ಗೆ ಚಪ್ಪಲಿಗಳ ರಾಶಿ. ಅವನ ಬಗ್ಗೆ ನನಗೆ ಎಷ್ಟೇ ಸಿಟ್ಟಿದ್ದರೂ ಒಂದು ಮಾತನ್ನು ಮುಚ್ಚಿಡಲಾರೆ. ಯಜಮಾನರು ತೀರಿಕೊಂಡ ದಿನ ಮೊದಲು ಬಂದವನು ಅವನೇ. ಹೂವಿನಿಂದ ಹಿಡಿದು ಗಾಡಿಯವರೆಗೆ ಎಲ್ಲ ಮಾಡಿಸಿ, ಚಟ್ಟಕ್ಕೆ ಹೆಗಲು ಕೊಟ್ಟು, ಕೊನೆಯವರೆಗೂ ಬಿಸಿಲಲ್ಲಿ ನಿಂತಿದ್ದ. ಊರಿನ ಯಾವ ಸಾವಿಗೂ ಅವನು ತಪ್ಪಿಸಿಕೊಂಡವನಲ್ಲ. ಜನ ಅವನನ್ನು ನಂಬುತ್ತಾರೆಂದರೆ ಸುಮ್ಮನೆ ನಂಬುತ್ತಾರೆಯೇ?

ಆದರೆ ಹೆಗಲು ಕೊಟ್ಟವನು ಹೇಳಿದ್ದೆಲ್ಲ ಸರಿ ಎಂದರೆ ಹೇಗೆ? ಅವನ ಕಾಲದಲ್ಲಿ ಕೆರೆಯ ಮೂಲೆಯಲ್ಲಿ ಸಮುದಾಯ ಭವನ ಎದ್ದಿತು. ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಬಾಯಿಗೇ ಅಡಿಪಾಯ. ಮಳೆಗಾಲದಲ್ಲಿ ನೀರು ಎಲ್ಲಿಂದ ಬರುತ್ತದೆ ಎಂಬುದು ಊರಿನ ಎಮ್ಮೆಗಳಿಗೂ ಗೊತ್ತಿತ್ತು. ಆದರೂ ಒಬ್ಬರೂ ಚಕಾರ ಎತ್ತಲಿಲ್ಲ. ಗುದ್ದಲಿ ಪೂಜೆಗೆ ಅಕ್ಕ ಹೊಸ ಸೀರೆ ಉಟ್ಟು ಹೋದಳು. ‘ನೀರ್ ಬರೋ ದಾರಿ ಮುಚ್ತಾವ್ರಲ್ಲ ಅಕ್ಕ’ ಎಂದರೆ, ‘ಅಣ್ಣಂಗೆ ಗೊತ್ತಿಲ್ದೆ ಇರ್ತದಾ, ಸುಮ್ಕಿರೆ’ ಎಂದಳು. ಭವನ ಕಟ್ಟಿಯಾಯಿತು, ಮದುವೆಗಳಾದವು. ಕೆರೆ ವರ್ಷ ವರ್ಷ ಬತ್ತುತ್ತಾ ಬಂತು. ಮಳೆ ಸರಿಯಾಗಿ ಆಗುತ್ತಿಲ್ಲ ಎಂದರು. ಒಬ್ಬನಾದರೂ ಭವನದ ಕಡೆ ಬೆರಳು ತೋರಿಸಿದ್ದು ನಾನು ಕಾಣೆ.

ಅದೇ ಅಕ್ಕ, ಹೆಂಗಸರಿಗೆ ಬಸ್ಸು ಪುಕ್ಕಟೆ ಎಂದು ಸರ್ಕಾರ ಹೇಳಿದಾಗ ಬಸ್ಸೇ ಹತ್ತುವುದಿಲ್ಲ ಎಂದು ಕೂತಳು! ಆಗ ಸರ್ಕಾರ ಅಣ್ಣನ ಎದುರಾಳಿ ಪಕ್ಷದವರದು. ಇದು ಭಿಕ್ಷೆ, ಮಾನ ಇರುವವರು ಮುಟ್ಟಬಾರದು ಎಂದು ಅಣ್ಣ ಭಾಷಣ ಮಾಡಿದ್ದ. ಒಂದು ಸಲ ಹೆಬ್ಬಾಳದ ಆಸ್ಪತ್ರೆಗೆ ಹೋಗಬೇಕಾಗಿ ನಾನು ಬಲವಂತ ಮಾಡಿ ಹತ್ತಿಸಿದೆ. ಕಂಡಕ್ಟರ್ ಮುಂದೆ ದುಡ್ಡು ಹಿಡಿದು, ‘ಟಿಕೆಟ್ ಕೊಡಪ್ಪ, ನಮ್ಗೇನ್ ಬಂದೈತೆ’ ಎಂದು ಪಟ್ಟು ಹಿಡಿದಳು. ಅವನು, ‘ಅಮ್ಮ, ಕಾರ್ಡ್ ತೋರ್ಸಿ ಸಾಕು, ತಲೆ ತಿನ್ಬೇಡಿ’ ಎಂದ. ಕೊನೆಗೆ ಅವಳು ಗಂಡಸರ ಟಿಕೆಟ್ಟನ್ನೇ ಹರಿಸಿಕೊಂಡು, ಕಿಟಕಿ ಪಕ್ಕ ಬಿಗುಮಾನದಿಂದ ಕೂತಳು. ನಾನು ಪುಕ್ಕಟೆ ಟಿಕೆಟ್ ಹಿಡಿದು ಪಕ್ಕದಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಅವಳಿಗೂ ನಗು ಬಂತು, ತಡೆದುಕೊಂಡಳು. ಆಗ ನಮ್ಮ ನಡುವೆ ರಾಜಕೀಯ ಎಂದರೆ ಅಷ್ಟೇ, ನಗುವ ವಿಷಯ.

ಕೆರೆ ಪೂರಾ ಬತ್ತಿದ ವರ್ಷ ನಮ್ಮ ಬೀದಿಯಲ್ಲಿ ಒಂದು ಮದುವೆ. ನಮ್ಮ ಕಡೆ ಮದುವೆಗೆ ಮುಂಚೆ ಮುತ್ತೈದೆಯರು ವಾಲಗದ ಜೊತೆ ಕೆರೆಗೆ ಹೋಗಿ, ಗಂಗೆಗೆ ಪೂಜೆ ಮಾಡಿ, ಬಿಂದಿಗೆಯಲ್ಲಿ ನೀರು ತರುತ್ತಾರೆ. ಅದು ಶಾಸ್ತ್ರದ ನೀರು. ಅದರಲ್ಲೇ ಮದುಮಗಳಿಗೆ ಸ್ನಾನವಾಗಬೇಕು. ಕೆರೆಯಲ್ಲಿ ನೀರೆಲ್ಲಿ? ಆ ಮನೆಯವರು ಟ್ಯಾಂಕರ್ ತರಿಸಿ, ಒಂದು ನೀಲಿ ಡ್ರಮ್ಮಿಗೆ ತುಂಬಿಸಿ, ಡ್ರಮ್ಮನ್ನು ಆಟೋದಲ್ಲಿ ಸಾಗಿಸಿ ಕೆರೆ ಏರಿಯ ಮೇಲಿಟ್ಟರು. ಹೆಂಗಸರು ವಾಲಗದ ಜೊತೆ ಅಲ್ಲಿಗೆ ನಡೆದುಹೋಗಿ, ಡ್ರಮ್ಮಿಗೆ ಅರಿಶಿನ ಕುಂಕುಮ ಇಟ್ಟು, ಬಿಂದಿಗೆ ತುಂಬಿಕೊಂಡು ಮನೆಗೆ ಬಂದರು. ನೀರು ಹೋಗಿ ವಾಪಸ್ಸು ಬಂದಿತ್ತು ಅಷ್ಟೇ! ಗಂಡ ಸತ್ತವಳು ಬಿಂದಿಗೆ ಹೊರುವ ಹಾಗಿಲ್ಲ. ಆದರೆ ಅಕ್ಕ ಯಾವತ್ತೂ ನನ್ನನ್ನು ಮನೆಯಲ್ಲಿ ಬಿಟ್ಟು ಹೋದವಳಲ್ಲ. ‘ನನ್ ಪಕ್ಕ ನಡಿ, ಯಾರೇನಂತಾರೋ ನೋಡ್ತೀನಿ’ ಎನ್ನುತ್ತಿದ್ದಳು. ಅವತ್ತೂ ಅವಳ ಪಕ್ಕದಲ್ಲೇ ನಡೆದೆ.

ಅದಾದ ಸ್ವಲ್ಪ ದಿನಕ್ಕೆ ಸರ್ಕಾರದ ಯೋಜನೆ ಬಂತು. ನಗರದ ಕೊಳಚೆ ನೀರನ್ನು ಶುದ್ಧ ಮಾಡಿ, ಪೈಪಿನಲ್ಲಿ ತಂದು ನಮ್ಮ ಕಡೆಯ ಒಣಗಿದ ಕೆರೆಗಳಿಗೆ ಬಿಡುವುದು. ಕೆರೆಯಲ್ಲಿ ನೀರು ನಿಂತರೆ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬರುತ್ತದೆ. ಊರಿನಲ್ಲಿ ಒಂದೇ ಗದ್ದಲ. ಕಕ್ಕಸಿನ ನೀರು ಬಿಡುತ್ತಾರಂತೆ, ಮೈಯೆಲ್ಲ ಕಜ್ಜಿಯಾಗುತ್ತದಂತೆ, ಕೆರೆ ಕೆಡಿಸಿ ಆಮೇಲೆ ಕೆರೆಯನ್ನೇ ನುಂಗುತ್ತಾರಂತೆ. ಅಂತೆ ಅಂತೆ ಎಂದು ಕೇಳಿ ಕೇಳಿ ನನಗೆ ರೇಗಿಹೋಯಿತು. ಒಂದು ದಿನ ಬ್ಯಾಗು ನೇತುಹಾಕಿಕೊಂಡು, ಬಸ್ಸು ಹತ್ತಿ, ನೀರು ಶುದ್ಧ ಮಾಡುವ ಆ ಜಾಗಕ್ಕೇ ಹೋದೆ. ರಿಟೈರ್ಡ್ ಟೀಚರ್ ಎಂದೆ, ಒಳಗೆ ಬಿಟ್ಟರು. ಅಲ್ಲಿದ್ದ ಎಂಜಿನಿಯರ್ ಹುಡುಗಿ ಪಾಪ, ತೊಟ್ಟಿ ತೊಟ್ಟಿ ತೋರಿಸಿಕೊಂಡು ಬಂದಳು. ಮೊದಲ ತೊಟ್ಟಿಯ ಹತ್ತಿರ ಮೂಗು ಮುಚ್ಚಿಕೊಂಡೆ. ಕೊನೆಯದರ ಹತ್ತಿರ ಕೈ ಅದ್ದಿ ನೋಡಿದೆ. ‘ಕುಡಿಯೋಕಲ್ಲ ಮೇಡಂ, ಕೆರೆಗೆ, ಗಿಡಕ್ಕೆ ಆಗುತ್ತೆ’ ಎಂದು ಅವಳು ಒತ್ತಿ ಹೇಳಿದಳು. ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ತೋರಿಸಿದಳು. ನನಗೆ ಒಪ್ಪಿಗೆಯಾಯಿತು.

ಊರಿನವರನ್ನು ಕೇಳಲು ಸಭೆ ಕರೆದರು. ಹಿಂದಿನ ಸಂಜೆ ಅಕ್ಕ ಬಂದಳು. ಕೂತಳು, ಏಳಲಿಲ್ಲ, ಸೆರಗಿನ ತುದಿ ತಿರುವುತ್ತಿದ್ದಳು.

‘ನಾಳೆ ಮೀಟಿಂಗ್‌ಗೆ ಓಯ್ತೀಯಾ?’

‘ಹೋಗ್ತೀನಿ. ನೋಡ್ಕೊಂಡು ಬಂದಿದೀನಲ್ಲ, ಹೇಳ್ಬೇಡ್ವಾ?’

‘ಓಗು. ಆದ್ರೆ ಮಾತಾಡ್ಬೇಡ ಕಣೆ. ಅಣ್ಣ ಬೇಡ ಅಂದವ್ನೆ. ನನ್ ಮಗ ಅವ್ನ ಜೊತೆ ಓಡಾಡ್ತಾನೆ. ನಮ್ಮನೇಲೇ ಎರಡು ಮಾತು ಅಂತ ಆಗ್ಬಾರ್ದು. ನನ್ ಸಲುವಾಗಿ ಸುಮ್ಕಿರು.’

ನಾನು ಆಯಿತು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ನಾನು ಒಪ್ಪಿದೆ ಎಂದುಕೊಂಡು ಅವಳು ಹೊರಟಳು.

ಸಭೆ ನಡೆದದ್ದು ಅದೇ ಸಮುದಾಯ ಭವನದಲ್ಲಿ. ಕಾಲುವೆ ಮುಚ್ಚಿದ ಜಾಗದಲ್ಲಿ ಕೂತು ಕೆರೆಗೆ ನೀರು ಬೇಕೋ ಬೇಡವೋ ಎಂದು ಚರ್ಚೆ! ವೇದಿಕೆಯ ಮೇಲೆ ಆಳುವ ಪಕ್ಷದ ಒಬ್ಬ ಮುಖಂಡ ಬಂದಿದ್ದ, ನಮ್ಮ ಕಡೆಯವನಲ್ಲ. ಯಾರ ಮನೆಯ ಸಾವಿಗೂ ಬಂದವನಲ್ಲ. ಅಧಿಕಾರಿ ಎದ್ದು, ಇದು ಕುಡಿಯುವ ನೀರಲ್ಲ, ಕೆರೆಗೆ ಮಾತ್ರ ಎಂದು ವಿವರಿಸಿ ಕೂತರು. ಮರುಕ್ಷಣವೇ ಆ ಮುಖಂಡ ಎದ್ದು, ‘ನಿಮಗೆ ನಂಬಿಕೆ ಬರಲಿ ಅಂತ ನಾನೇ ಕುಡಿದು ತೋರಿಸ್ತೀನಿ’ ಎಂದು ಲೋಟ ಎತ್ತಿ ಗಟಗಟ ಕುಡಿದುಬಿಟ್ಟ! ಅಯ್ಯೋ ಶಿವನೇ, ಅಲ್ಲೇ ಕೆಟ್ಟಿತು. ಕುಡಿಯಬಾರದು ಎಂದು ಹೇಳಿದ ನೀರನ್ನು ಕುಡಿದನಲ್ಲ, ಇನ್ನು ಇವನ ಯಾವ ಮಾತನ್ನು ನಂಬುವುದು? ಹಿಂದಿನಿಂದ ಯಾರೋ, ‘ಲೋಟದಲ್ಲಿರೋದು ಬಾಟ್ಲಿ ನೀರು ಗುರು, ಅವಾಗ್ಲೇ ಬಗ್ಗಿಸಿದ್ದು ನೋಡ್ದೆ’ ಎಂದು ಕೂಗಿದ. ಭವನವೆಲ್ಲ ಗೊಳ್ಳೆಂದಿತು. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದ ಅಣ್ಣ ಸುಮ್ಮನೆ ತಲೆ ಅಲ್ಲಾಡಿಸಿದ. ಅಷ್ಟು ಸಾಕಾಗಿತ್ತು.

ನಾನು ಎದ್ದು ನಿಂತೆ. ಕಾಲು ತಾನಾಗಿ ಎದ್ದಿತು ಎನ್ನಬೇಕು. ಇಷ್ಟು ವರ್ಷ ಪಾಠ ಮಾಡಿದವಳು, ತಪ್ಪು ಉತ್ತರ ಕೇಳಿಕೊಂಡು ಕೂರುವ ಅಭ್ಯಾಸ ನನಗಿಲ್ಲ. ನಾನೇ ಹೋಗಿ ನೋಡಿಕೊಂಡು ಬಂದಿದ್ದೇನೆ, ಈ ನೀರಿನಿಂದ ಕೆರೆ ಕೆಡುವುದಿಲ್ಲ, ನನಗೆ ಗೊತ್ತು ಎಂದೆ. ಕುಡಿಯಬೇಡಿ, ಆದರೆ ಕೆರೆಗೆ ಬೇಡ ಎನ್ನಬೇಡಿ ಎಂದೆ. ‘ಟೀಚರಮ್ಮನೂ ಆ ಪಾರ್ಟಿ ಸೇರ್ಬಿಟ್ರಾ?’ ಎಂದು ಒಬ್ಬ ಕೇಳಿದ. ನಕ್ಕರು. ಅದನ್ನು ನುಂಗಿಕೊಳ್ಳುತ್ತಿದ್ದೆನೋ ಏನೋ. ಅಷ್ಟರಲ್ಲಿ ಹೆಂಗಸರ ಮಧ್ಯದಿಂದ ಅಕ್ಕ ಎದ್ದಳು.

‘ನಮ್ಮನೆ ಮದ್ವೆಗೆಲ್ಲ ಇದೇ ಕೆರೆ ನೀರು ತರೋದು. ಮೊಮ್ಮಗಳು ಬೆಳ್ದು ನಿಂತವ್ಳೆ. ಆ ನೀರಲ್ಲಿ ಮದುಮಗ್ಳಿಗೆ ನೀರಾಕಿಸ್ತೀಯಾ? ಆಗ್ತದಾ? ನೀನೇ ಹೇಳು.’

ಈಗ ಯೋಚಿಸಿದರೆ ಅದು ನಿಜವಾದ ಪ್ರಶ್ನೆ. ಅಷ್ಟು ಹೊತ್ತಿನಲ್ಲಿ ಯಾರೂ ಕೇಳದೆ ಇದ್ದ ಒಂದೇ ಒಂದು ಸರಿಯಾದ ಪ್ರಶ್ನೆ. ಆದರೆ ಅವತ್ತು ನನ್ನ ಕಿವಿಗೆ ಬಿದ್ದದ್ದು ಅವಳ ದನಿಯಲ್ಲ, ಅಣ್ಣನ ದನಿ.

‘ನಿಮ್ಮಣ್ಣ ಉಗುಳಿದ್ರೂ ತೀರ್ಥ ಅಂತ ಕಣ್ಣಿಗೊತ್ಕೋತೀಯಲ್ಲ ಅಕ್ಕ, ಅದಕ್ಕಿಂತ ಈ ನೀರು ವಾಸಿ!’ ಎಂದುಬಿಟ್ಟೆ.

ಗಂಡಸರು ನಕ್ಕರು. ಅವಳನ್ನು ನೋಡಿ ನಕ್ಕರು. ಅಕ್ಕ ಸೆರಗು ಹೊದ್ದುಕೊಂಡು ಹೊರಗೆ ನಡೆದಳು. ಯೋಜನೆ ನಮಗೆ ಬೇಡ ಎಂದು ಕೈ ಎತ್ತಿಸಿದರು. ನನ್ನದೊಂದು ಬಿಟ್ಟು ಎಲ್ಲ ಕೈಯೂ ಎದ್ದಿತು. ಅಕ್ಕನ ಹಿಂದೆ ಓಡಬೇಕಿತ್ತು, ಓಡಲಿಲ್ಲ. ನಾನು ಹೇಳಿದ್ದರಲ್ಲಿ ತಪ್ಪೇನಿದೆ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡು ಅಲ್ಲೇ ಕೂತಿದ್ದೆ.

ಅವತ್ತು ಸಂಜೆ ಅವಳು ಬರಲಿಲ್ಲ. ಕೋಪ ಇಳಿಯಲಿ ಎಂದು ಸುಮ್ಮನಾದೆ. ಇನ್ನೊಂದು ಸಂಜೆಯೂ ಬರಲಿಲ್ಲ. ಗೋಡೆಯ ಆಚೆ ಅವಳು ಬಟ್ಟೆ ಹರವುವುದು ಕಾಣುತ್ತಿತ್ತು. ನಾನು ಹಿತ್ತಿಲಿಗೆ ಬಂದರೆ ಬಕೆಟ್ ಬಿಟ್ಟು ಒಳಗೆ ಹೋಗುತ್ತಿದ್ದಳು. ಒಮ್ಮೆ ಧೈರ್ಯ ಮಾಡಿ ಮಜ್ಜಿಗೆ ಚೆಂಬನ್ನು ಗೋಡೆಯ ಮೇಲಿಟ್ಟು ಬಂದೆ. ಬಿಸಿಲಿಗೆ ಹುಳಿಯಾಗಿ ಅಲ್ಲೇ ಕೂತಿತ್ತು. ನಾನೇ ತಂದು ಬಚ್ಚಲಿಗೆ ಸುರಿದೆ. ಆವಾಗ ಅತ್ತೆ. ಯಜಮಾನರು ಹೋದಾಗ ಅಳಲು ಅವಳ ಹೆಗಲಿತ್ತು. ಅವಳಿಗಾಗಿ ಅಳುವಾಗ ಯಾರ ಹೆಗಲಿಗೆ ಹೋಗಲಿ?

ಬೀದಿಯೂ ಹಾಗೇ ಆಯಿತು. ಯಾರೂ ಜಗಳವಾಡಲಿಲ್ಲ. ಏನ್ ಟೀಚರಮ್ಮ, ಊಟ ಆಯ್ತಾ ಎನ್ನುವುದನ್ನು ನಿಲ್ಲಿಸಿದರು, ಅಷ್ಟೇ. ನಾನು ಅಂಗಡಿಗೆ ಹೋದರೆ ನಡೆಯುತ್ತಿದ್ದ ಮಾತು ನಿಲ್ಲುತ್ತಿತ್ತು. ನಾನು ಹೊರಟ ಮೇಲೆ ಮತ್ತೆ ಶುರುವಾಗುವುದು ಬೆನ್ನಿಗೆ ಕೇಳಿಸುತ್ತಿತ್ತು. ಅಕ್ಕನ ಮಗ ಒಂದು ಸಲ ಬಂದಿದ್ದ.

‘ಚಿಕ್ಕಮ್ಮ, ಅಣ್ಣನ ಹತ್ರ ಬಂದು ಸಾರಿ ಅಂದ್ಬಿಡಿ, ಎಲ್ಲ ಸೆಟ್ ಆಗುತ್ತೆ.’

‘ನಾನು ಮನಸ್ಸು ನೋಯಿಸಿದ್ದು ನಿಮ್ಮಮ್ಮಂದು. ಅವನ ಹತ್ರ ಯಾಕೋ ಸಾರಿ?’

‘ಅಮ್ಮಂಗೆ ಬೇಜಾರಾಗಿರೋದು ಅಣ್ಣಂಗೆ ಅಂದಿದ್ದಕ್ಕಲ್ಲ ಚಿಕ್ಕಮ್ಮ. ಬೇಡ ಅಂತ ಕೇಳ್ಕೊಂಡ್ರೂ ಮಾತಾಡಿದ್ರಲ್ಲ, ಅದಕ್ಕೆ.’

ಹಾಗಾದರೆ ಅಣ್ಣನ ಹತ್ತಿರ ಯಾಕೆ ಹೋಗಬೇಕು ಎಂದು ನಾನು ವಾದಕ್ಕೆ ನಿಂತೆ. ಅವನು ಗೋಡೆಯ ಮೇಲಿದ್ದ ನನ್ನ ಯಜಮಾನರ ಫೋಟೋ ನೋಡಿ, ಗಡಿಯಾರ ನೋಡಿ, ಎದ್ದುಹೋದ. ಅಕ್ಕನ ಹತ್ತಿರ ನೇರವಾಗಿ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೋಗಿದ್ದೆ. ಬಾಗಿಲಲ್ಲಿ ನಿಂತೆ. ‘ಬಾ, ಕೂತ್ಕೊ’ ಎಂದು ಅವಳು ಹೇಳಿದ ಪರಿಗೆ, ವಿಮೆ ಮಾಡಿಸಲು ಬಂದವರಿಗೂ ಅದಕ್ಕಿಂತ ಪ್ರೀತಿಯಿಂದ ಹೇಳುತ್ತಾರೆ. ಕಾಫಿ ಕೊಟ್ಟಳು. ಕುಡಿದು ಬಂದೆ. ತಪ್ಪಾಯಿತು ಎನ್ನುವ ಮಾತು ನಾಲಿಗೆಯವರೆಗೆ ಬಂದು, ಆದರೂ ನಾನು ಹೇಳಿದ್ದು ಸುಳ್ಳಲ್ಲ ಎನ್ನುವ ಮಾತು ಅದರ ಹಿಂದೆಯೇ ಬಂದು, ಎರಡೂ ಹೊರಗೆ ಬರಲಿಲ್ಲ.

ಅಕ್ಕಪಕ್ಕದ ಊರಿನ ಕೆರೆಗಳು ತುಂಬಿದವು. ನಮ್ಮ ಕೆರೆಯಲ್ಲಿ ಹುಡುಗರು ಕ್ರಿಕೆಟ್ ಆಡಿದರು. ಇಡೀ ಬೇಸಿಗೆ ಟ್ಯಾಂಕರ್‌ಗೆ ಕಾದೆವು.

ಆಮೇಲೆ ಒಂದು ದಿನ ಬೀದಿಯಲ್ಲಿ ಪಟಾಕಿ. ಅಣ್ಣ ತನ್ನ ಪಕ್ಷ ಬಿಟ್ಟು ಆಳುವ ಪಕ್ಷ ಸೇರಿದ! ಲೋಟ ಎತ್ತಿ ಕುಡಿದಿದ್ದನಲ್ಲ, ಅವನೇ ಬಂದು ಅಣ್ಣನಿಗೆ ಹಾರ ಹಾಕಿದ. ಊರು ಗೊಂದಲಕ್ಕೆ ಬಿತ್ತು ಎಂದುಕೊಂಡಿರಾ? ಎಲ್ಲಿಯ ಗೊಂದಲ? ಅಣ್ಣ ಒಂದು ಸಂಜೆ ಅರಳಿಕಟ್ಟೆಯ ಹತ್ತಿರ ನಿಂತು, ‘ನಾನೇ ಮುಂದೆ ನಿಂತು ಚೆಕ್ ಮಾಡ್ಸಿದೀನಿ, ನಮ್ಮ ಕೆರೆಗೂ ನೀರು ಬರುತ್ತೆ’ ಎಂದ. ಆಯಿತು, ಮುಗಿಯಿತು. ಕಜ್ಜಿಯ ಸುದ್ದಿ, ಕಕ್ಕಸಿನ ಸುದ್ದಿ ಎಲ್ಲಿ ಹೋಯಿತೋ. ಅದೇ ಪೈಪು, ಅದೇ ನೀರು. ಅಕ್ಕನೂ ಪುಕ್ಕಟೆ ಬಸ್ಸು ಹತ್ತಿ ಓಡಾಡುವುದನ್ನು ನನ್ನ ಕಣ್ಣಾರೆ ಕಂಡೆ. ಕೆಂಪಾಪುರದ ತಂಗಿಯ ಮನೆಗೆ ವಾರ ವಾರ ಹೋಗಿಬಂದಳು.

ನೀರು ಬಿಡುವ ದಿನ ನಾನು ಟೆರೇಸಿನ ಮೇಲೆ ನಿಂತಿದ್ದೆ. ಅಣ್ಣ ವಾಲ್ವ್ ತಿರುಗಿಸಿದ. ನೊರೆ ಕಟ್ಟಿಕೊಂಡು ನೀರು ಬಿತ್ತು. ಹೆಂಗಸರು ಮೊರದ ಬಾಗಿನ ತಂದು ಕೆರೆಗೆ ಬಿಟ್ಟರು. ಮುಂದೆ ನಿಂತವಳು ಅಕ್ಕ. ನನಗೆ ಅವಮಾನವಾಗಲಿಲ್ಲ, ನಿಜ ಹೇಳುತ್ತೇನೆ, ಆಸೆಯಾಯಿತು. ಇವತ್ತು ಸಂಜೆ ಬರುತ್ತಾಳೆ ಎಂದುಕೊಂಡೆ. ಬಂದು, ‘ನೀನ್ ಹೇಳಿದ್ದೇ ಆಯ್ತಲ್ಲೇ’ ಎನ್ನುತ್ತಾಳೆ. ನಾನು ಏನೂ ಅನ್ನಬಾರದು, ಜಂಬ ತೋರಿಸಬಾರದು ಎಂದು ಮನಸ್ಸಿನಲ್ಲೇ ತಯಾರಿ ಮಾಡಿಕೊಂಡೆ. ಹೆಸರುಬೇಳೆ ಪಾಯಸ ಮಾಡಿಟ್ಟೆ. ಕತ್ತಲಾಯಿತು. ನಾನು ಸರಿ ಎಂದು ಗೊತ್ತಾದರೆ ಅವಳು ವಾಪಸ್ಸು ಬರುತ್ತಾಳೆಂದು ಯಾರು ಹೇಳಿದ್ದರು ನನಗೆ? ಯಾರೂ ಹೇಳಿರಲಿಲ್ಲ.

ಆಮೇಲೆ ನನ್ನ ಬುದ್ಧಿಗೆ ಏನಾಯಿತೋ ನೋಡಿ. ಕೆರೆ ತುಂಬುತ್ತಾ ಬಂತು. ಬಾತುಕೋಳಿಗಳು ಬಂದವು. ಬೋರ್‌ವೆಲ್ ನೀರು ಸಲೀಸಾಯಿತು. ಆದರೆ ನನಗೆ ಟೆರೇಸಿನಲ್ಲಿ ನಿಂತರೆ ವಾಸನೆ ಬರತೊಡಗಿತು. ಇವನು ಮುಟ್ಟಿದ್ದು ನೆಟ್ಟಗಿರುತ್ತದೆಯೇ ಎಂದುಕೊಂಡೆ. ಕರೆಂಟು ಉಳಿಸಲು ಯಂತ್ರ ನಿಲ್ಲಿಸಿ ಹಾಗೇ ಬಿಡುತ್ತಾರಂತೆ ಎಂದು ಹಾಲಿನವನು ಹೇಳಿದಾಗ, ‘ನಾನು ಅಂದ್ಕೊಂಡೆ’ ಎಂದೆ. ಅಂತೆ ಎನ್ನುವ ಮಾತಿಗೆ ರೇಗುತ್ತಿದ್ದವಳು ನಾನೇ! ಇನ್ನೊಂದು ಸಲ ಬಸ್ಸು ಹತ್ತಿ ಹೋಗಿ ನೋಡಿಕೊಂಡು ಬರಲು ನನಗೆ ಏನು ಅಡ್ಡಿಯಿತ್ತು? ಏನೂ ಇರಲಿಲ್ಲ. ಹೋಗಲಿಲ್ಲ. ಅಣ್ಣನ ಹೆಸರು ಕೇಳಿದರೆ ಆ ಕಡೆ ಕಾಲೇ ಹೋಗುತ್ತಿರಲಿಲ್ಲ. ನೀರನ್ನು ಅಂದು ನಾನು ನೋಡಿ ನಂಬಿದ್ದೆ, ಇಂದು ನೋಡದೆ ಅನುಮಾನಿಸಿದೆ. ಊರಿನವರು ಮಾಡಿದ್ದೂ ಇಷ್ಟೇ ಅಲ್ಲವೇ.

ಅಕ್ಕನ ಮೊಮ್ಮಗಳ ಮದುವೆ ಗೊತ್ತಾಯಿತು. ಲಗ್ನಪತ್ರಿಕೆಯನ್ನು ಅಕ್ಕ, ಭಾವ ಇಬ್ಬರೂ ಬಂದು ಕೊಡಬೇಕಿತ್ತು. ಮಗ ಬಂದು ಕೊಟ್ಟ, ‘ಬರ್ಬೇಕು ಚಿಕ್ಕಮ್ಮ’ ಎಂದ. ದೂರದ ನೆಂಟರಿಗೆ ಕೊಡುವ ಹಾಗೆ. ಆ ಮಗು ಹುಟ್ಟಿದ ದಿನ ಆಸ್ಪತ್ರೆಯಲ್ಲಿ ಮೊದಲು ಎತ್ತಿಕೊಂಡದ್ದು ನಾನು.

ಶಾಸ್ತ್ರದ ನೀರು ತರುವ ಬೆಳಿಗ್ಗೆ ನಾನು ಬೇಗ ಎದ್ದು, ತಲೆಗೆ ಸ್ನಾನ ಮಾಡಿ, ರೇಷ್ಮೆ ಸೀರೆ ಉಟ್ಟು, ಬಾಗಿಲ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಕರೆಯುವುದಿಲ್ಲ ಎಂದು ಗೊತ್ತಿತ್ತು. ಕರೆದರೆ ಸೀರೆ ಉಡುವಷ್ಟು ತಡವಾಗಬಾರದು ಎಂದೂ ಇತ್ತು. ಚಪ್ಪರದಲ್ಲಿ ವಾಲಗ ಶುರುವಾಯಿತು. ಹೆಂಗಸರ ನಗು, ಬಳೆ ಸದ್ದು, ಬಿಂದಿಗೆಗಳ ಸದ್ದು ನಮ್ಮ ಗೇಟಿನ ಹತ್ತಿರ ಬಂದು, ನಿಂತಿತು. ಗೇಟಿನ ಚಿಲಕ ತೆಗೆದ ಸದ್ದಾಯಿತು. ನಾನು ಎದ್ದ ರಭಸ ಈಗ ನೆನೆದರೂ ನಾಚಿಕೆಯಾಗುತ್ತದೆ. ಕುರ್ಚಿ ಸರಿಸಿ ಬಾಗಿಲು ತೆಗೆದೆ.

ಅಕ್ಕ ಒಬ್ಬಳೇ ಒಳಗೆ ಬಂದಿದ್ದಳು. ಸೊಂಟದಲ್ಲಿ ಹಿತ್ತಾಳೆ ಬಿಂದಿಗೆ. ವಯಸ್ಸಾಗಿಬಿಟ್ಟಿತ್ತು ಅವಳಿಗೆ, ಗೋಡೆಯ ಆಚೆ ದೂರದಿಂದ ನೋಡುವಾಗ ಅದು ಕಂಡಿರಲಿಲ್ಲ. ನನ್ನ ಸೀರೆ ನೋಡಿದಳು. ಬೀದಿಗೆ ಕೇಳದ ಹಾಗೆ ದನಿ ತಗ್ಗಿಸಿ ಕೇಳಿದಳು.

‘ಆ ನೀರಲ್ಲಿ ಮಗೀಗೆ ನೀರಾಕ್ಬೋದಾ? ಅಣ್ಣ ಆಯ್ತದೆ ಅಂತವ್ನೆ. ಅವ್ನು ಆಗ ಬೇಡ ಅಂದಿದ್ನಲ್ಲ, ಈಗ ಬೇಕು ಅಂತಾನೆ. ನನ್ಗೆ ಮನ್ಸು ಒಪ್ತಾ ಇಲ್ಲ. ಅವ್ನ್ ಮಾತು ಬಿಡು. ನೀನ್ ಹೇಳು. ನೀನ್ ಆಗ್ತದೆ ಅಂದ್ರೆ ತತ್ತೀನಿ.’

ಆಗುತ್ತದೆ ಅಕ್ಕ ಎಂದರೆ ಸಾಕಿತ್ತು. ಬಾ ಎಂದು ಕೈ ಹಿಡಿದು ಪಕ್ಕದಲ್ಲಿ ನಡೆಸಿಕೊಂಡು ಹೋಗುತ್ತಿದ್ದಳು. ಆ ಮಗುವಿನ ಮೈಗೆ ಹಾಕುವ ನೀರು. ನಾನು ನೋಡಿಲ್ಲದ ನೀರು. ಹಾಲಿನವನ ಮಾತಿಗೆ ನಾನೇ ಹೂಂಗುಟ್ಟಿದ್ದ ನೀರು.

‘ಗೊತ್ತಿಲ್ಲ ಅಕ್ಕ’ ಎಂದೆ. ‘ಅವಾಗ ನೋಡಿದ್ದೆ. ಈಗ ನೋಡಿಲ್ಲ.’

ಅವಳು ನನ್ನ ಮುಖವನ್ನೇ ನೋಡಿದಳು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟೋ ವಾಸಿಯಾಗಿತ್ತು.

‘ಅವತ್ತು ಊರಿಗೆಲ್ಲ ಗೊತ್ತು ಅಂದೆ’ ಎಂದಳು. ‘ಇವತ್ತು ನಾನೊಬ್ಳು ಬಂದು ಕೇಳಿದ್ರೆ ಗೊತ್ತಿಲ್ಲ ಅಂತೀಯಾ.’

‘ಹೋಗಿ ನೋಡ್ಕೊಂಡು ಬರ್ತೀನಿ ಅಕ್ಕ, ಈಗ್ಲೇ ಹೋಗ್ತೀನಿ...’

‘ಮೂರ್ತಕ್ಕೆ ಒತ್ತಾಯ್ತು ಕಣೆ’ ಎಂದು ಬಿಂದಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡು ಹೊರಗೆ ಹೋದಳು. ಗೇಟನ್ನು ಹಿಂದಿನಿಂದ ಎಳೆದು, ಚಿಲಕ ಹಾಕಿದಳು.

ವಾಲಗ ಮುಂದೆ ಹೋಯಿತು. ನಾನು ಗೇಟಿನ ಸರಳು ಹಿಡಿದು ನೋಡಿದೆ. ಬೀದಿಯ ತುದಿಯಲ್ಲಿ ಕೆರೆ ತುಂಬಿ ಹೊಳೆಯುತ್ತಿತ್ತು. ಹೆಂಗಸರು ಆ ಕಡೆ ತಿರುಗಲಿಲ್ಲ. ಬೀದಿ ಬಳಸಿಕೊಂಡು ವಾಪಸ್ಸು ಬಂದರು. ನಾನು ಹಿತ್ತಿಲಿಗೆ ಹೋಗಿ ಗೋಡೆಯ ಮೇಲಿಂದ ನೋಡಿದೆ. ಅಕ್ಕನದೇ ಮನೆಯ ಹಿಂದಿನ ಸಂಪಿನ ಹತ್ತಿರ ನಿಂತು, ಅಲ್ಲಿಗೇ ಅರಿಶಿನ ಕುಂಕುಮ ಹಾಕಿ, ಬಿಂದಿಗೆ ತುಂಬಿಕೊಂಡರು. ಗೋಡೆಯ ಆಚೆ ಸೋಬಾನೆ ಕೇಳುತ್ತಿತ್ತು. ಪಕ್ಕದ ಮನೆಯಿಂದ ನನ್ನ ಬಾಗಿಲಿಗೆ ಬರಲು ಅವಳಿಗೆ ಎರಡು ವರ್ಷ ಹಿಡಿದಿತ್ತು, ಬಂದದ್ದು ನನ್ನದೊಂದು ಮಾತಿಗೆ, ಆ ಮಾತು ನನ್ನ ಹತ್ತಿರ ಇರಲಿಲ್ಲ.